ಹಲ್ಲಿಲ್ಲದವರು

ಕಾಫಿ ಬೀಜ ಆರಿಸಲು ಕೂತರೆ ಮೊದಲು ಸೊಂಟ ಹಿಡಿಯುತ್ತದೆ, ಆಮೇಲೆ ಕಣ್ಣು ಉರಿಯುತ್ತದೆ. ಕೆಂಪಾಜಮ್ಮನಿಗೆ ಎರಡೂ ಅಭ್ಯಾಸವಾಗಿ ಹೋಗಿತ್ತು. ಕೊಡಗಿನಿಂದ ಗಾಡಿಗಟ್ಟಲೆ ಕಾಫಿ ಬರುತ್ತಿದ್ದ ಹುಣಸೂರಿನ ಆ ಕಾರ್ಖಾನೆಯಲ್ಲಿ ಅವಳು ಕಾಲು ಚಾಚಿ ಕೂತು, ಮೊರದಿಂದ ಕೆಟ್ಟ ಕರಿ ಬೀಜ ಹೆಕ್ಕುತ್ತಾ, ಬಾಯಿ ತುಂಬ ನಗುತ್ತಿದ್ದಳು. ಬಾಯಲ್ಲಿ ಉಳಿದದ್ದು ಒಂದೇ ಹಲ್ಲು.

ಚಾಚಿದ ಕಾಲ ಮೇಲೆ ಯಾವಾಗಲೂ ಯಾರದೋ ಕೂಸು. ಒಬ್ಬೊಬ್ಬ ಮುದುಕಿಯ ಮಗ್ಗುಲಿಗೂ ಒಂದಿಬ್ಬರು ಎಳೆ ತಾಯಂದಿರು ಕೂರುತ್ತಿದ್ದರು. ಕೂಸು ಮುದುಕಿಗೆ, ಕೈಯೆರಡೂ ಬೀಜಕ್ಕೆ. ಯಾರೂ ಹೇಳಿಕೊಟ್ಟದ್ದಲ್ಲ, ಹಾಗೇ ನಡೆದುಕೊಂಡು ಬಂದಿತ್ತು.

ಆಗ ಮೈಸೂರಿನಿಂದ ಹೊಸ ಮ್ಯಾನೇಜರು ರುದ್ರಸ್ವಾಮಿಯವರ ಸವಾರಿ ಬಂತು. ಯಾವ ವಯಸ್ಸಿನವರಿಗೆ ಕೆಲಸದ ಮೇಲೆ ಎಷ್ಟು ಮನಸ್ಸಿದೆ ಎಂದು ಅವರಿಗೆ ತಿಳಿಯಬೇಕಿತ್ತಂತೆ. ಯಾರ ಹೊಟ್ಟೆ ಎಷ್ಟು ತುಂಬಿದೆ ಎಂದು ಮಾತ್ರ ಆ ಪುಣ್ಯಾತ್ಮ ಕೇಳಲಿಲ್ಲ.

"ವಯಸ್ಸೆಷ್ಟಮ್ಮ?"

"ಪಿಳೇಗು ಮಾರಿ ಬಂದಾಗ ಎಲ್ಡು ಮಕ್ಳಿದ್ವು ಬುದ್ದಿ."

"ಅದೆಂಥ ಲೆಕ್ಕ? ಬಾಯಿ ತೆಗಿ. ಹಲ್ಲು ತೋರಿಸು."

"ನಾನೇನು ಸಂತೆ ಎತ್ತಾ ಬುದ್ದಿ?"

ಎಲ್ಲರೂ ನಕ್ಕರು, ರುದ್ರಸ್ವಾಮಿ ನಗಲಿಲ್ಲ. ಕೆಲವು ದಿನ ಕೈ ಕಟ್ಟಿ ನಿಂತು ನೋಡಿದರು. ಎಳೆಯರ ಮೊರ ಬೇಗ ಖಾಲಿಯಾಗುತ್ತಿತ್ತು, ಮುದುಕಿಯರದು ನಿಧಾನ. ಕಾಲ ಮೇಲಿದ್ದ ಕೂಸುಗಳು ಅವರ ಕಣ್ಣಿಗೆ ಬೀಳಲೇ ಇಲ್ಲ.

"ಮುದುಕಿಯರಿಗೆ ಕೆಲಸದ ಮೇಲೆ ಮನಸ್ಸಿಲ್ಲ. ಹಲ್ಲಿಲ್ಲದವರು ನಾಳೆಯಿಂದ ಒಳಗೆ ಕಾಲಿಡಬೇಡಿ."

"ನಂಗೊಂದೈತಲ್ಲ ಬುದ್ದಿ," ಎಂದಳು ಕೆಂಪಾಜಮ್ಮ. ಅಂದದ್ದು ತಮಾಷೆಗೆ, ಮೊರವನ್ನು ಮಾತ್ರ ಬಿಗಿಯಾಗಿ ಹಿಡಿದುಕೊಂಡಳು. ಮಕ್ಕಳೂ ಉಳಿಯದ ಒಂಟಿ ಜೀವ; ಕೂಲಿ ನಿಂತರೆ ಒಲೆಯೂ ನಿಂತಂತೆ. ಪಕ್ಕದಲ್ಲಿದ್ದ ಎಳೆ ತಾಯಿ ಚಿಕ್ಕಬಸಮ್ಮ ಅವಳ ಕಾಲ ಮೇಲಿಂದ ತನ್ನ ಕೂಸನ್ನು ಎತ್ತಿಕೊಂಡು ತಲೆ ತಗ್ಗಿಸಿದಳು. ಒಂದು ಮಾತೂ ಆಡಲಿಲ್ಲವಲ್ಲ ಎಂದು ಕೆಂಪಾಜಮ್ಮನಿಗೆ ಸಂಕಟವಾಯಿತು.

ಮರುದಿನ ಮುದುಕಿಯರೆಲ್ಲ ಕಾರ್ಖಾನೆ ಗೇಟಿನ ಹೊರಗೆ ಹೊಂಗೆ ಮರದಡಿ ಕೂತರು. ಬೇರೆಲ್ಲಿಗೆ ಹೋಗುವುದು? ಸ್ವಲ್ಪ ಹೊತ್ತಿಗೆ ಒಳಗೆ ಒಂದು ಕೂಸು ಅತ್ತಿತು. ಅದನ್ನು ಕೇಳಿ ಇನ್ನೊಂದು, ಆಮೇಲೆ ಎಲ್ಲವೂ.

"ಅದು ಚಿಕ್ಕಬಸಮ್ಮನ ಮಗ ಕಣವ್ವ. ಗಂಟ್ಲು ನೋಡು!" ಎಂದಳು ಮರದಡಿಯ ಒಬ್ಬ ಮುದುಕಿ.

ಅಳು ಕಚೇರಿಯ ಕಡೆ ಹೊರಟಿತು. ಕೆಂಪಾಜಮ್ಮ ಎದ್ದು ಗೇಟಿನ ಸಂದಿಯಲ್ಲಿ ಇಣುಕಿದಳು. ಚಿಕ್ಕಬಸಮ್ಮ ಮುಂದೆ, ಉಳಿದ ತಾಯಂದಿರು ಹಿಂದೆ. ಜಗಲಿಯ ಕುರ್ಚಿಯಲ್ಲಿದ್ದ ಮ್ಯಾನೇಜರ ಮಡಿಲಿಗೆ ಮೊದಲ ಕೂಸು ಬಿತ್ತು.

"ಏನಮ್ಮ ಇದು!"

"ಇದ್ಕೂ ಹಲ್ಲಿಲ್ಲ ಬುದ್ದಿ. ಹಲ್ಲಿಲ್ದೋರು ಒಳಗಿರಂಗಿಲ್ಲ ಅಂದ್ರಲ್ಲ. ನೀವೇ ಇಟ್ಕಳಿ."

ಎರಡನೆಯದು ಬಂತು, ಮೂರನೆಯದು ಬಂತು. ಇಸ್ತ್ರಿ ಮಾಡಿದ ಕೋಟು ಒದ್ದೆಯಾಯಿತು.

"ಕರೀರಿ ಆ ಮುದುಕಿಯರನ್ನ! ಅರ್ಧ ಕೂಲಿ ಕೊಡೋಣ!"

"ಅಂಗಾದ್ರೆ ನಾವೂ ಒಂದೇ ಕೈಲಿ ಆರಿಸ್ತೀವಿ," ಎಂದಳು ಚಿಕ್ಕಬಸಮ್ಮ. "ಅವ್ರು ಕಾಲು ಚಾಚಿದ್ಕೇ ನಮ್ಮ ಎಲ್ಡು ಕೈಯೂ ಆಡ್ತಿದ್ವು. ನಮ್ಮ ಮೊರದಾಗೆ ಅವ್ರ ದುಡಿಮೇನೂ ಐತೆ. ನೆನ್ನೆ ಬಾಯಿ ಬರ್ನಿಲ್ಲ, ಇವತ್ತು ಬಂದೈತೆ."

ಹೆಂಗಸರೆಲ್ಲ ಮೆಟ್ಟಿಲ ಮೇಲೆ ಕೂತುಬಿಟ್ಟರು. ಕೂಸುಗಳು ಇನ್ನೂ ಜೋರಾಗಿ ಅತ್ತವು.

"ಆಯ್ತು, ಪೂರ್ತಿ ಕೂಲಿ! ಮೊದಲು ಇವನ್ನ ಹಿಡೀರಿ!"

ಗೇಟು ತೆರೆಯಿತು. ಕೆಂಪಾಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಆತುರವಿಲ್ಲದೆ ನಡೆದು, ಜಗಲಿಯ ಮುಂದೆ ನಿಂತು ಅಗಲವಾಗಿ ಬಾಯಿ ತೆರೆದಳು.

"ಹಲ್ಲು ಎಣಿಸ್ಕಳಿ ಬುದ್ದಿ. ಸಂಜೀಕೆ ಕಮ್ಮಿಯಾಗಿದ್ರೆ ಕೂಲಿ ಹಿಡ್ಕಳೀರಂತೆ."