ಸಾಹೇಬರ ಬೂಟಿಗೆ ತಾಗದ ಕೆಸರು

"ಏಯ್ ಬಜಾರಿ, ಆ ಮೂಲೇನ ನಿಮ್ಮಪ್ಪ ಬಂದು ಬಳೀತಾನೇನೇ? ಸಾಹೇಬ್ರ ಬೂಟಿಗೆ ಒಂದು ಹನಿ ಕೆಸರು ತಾಗ್ಲಿ, ನಿಮ್ಮೆಲ್ಲರ ಚರ್ಮ ಸುಲೀತೀನಿ!"

ಶಿಕ್ಷಣ ಮಂಡಳಿಯ ಅಧ್ಯಕ್ಷ ಶಾಲೆಯ ಹೊರಗೆ ಕುರ್ಚಿಯ ಮೇಲೆ ನಿಂತಿದ್ದ. ಕೂತಿರಲಿಲ್ಲ, ನಿಂತಿದ್ದ, ಕೂತರೆ ಕಾಲು ನೆಲಕ್ಕೆ ತಾಗುತ್ತಿತ್ತು. ನೆರೆ ಇಳಿದ ಮೇಲೆ ಕೇರಿಯ ಶಾಲೆಯೊಳಗೆ ಮೊಣಕಾಲುದ್ದ ಹೂಳು ಉಳಿದಿತ್ತು. ಊರಿನ ಚರಂಡಿ, ಕಕ್ಕಸು ತೊಳೆಯುವ ಕೇರಿಯ ಹೆಂಗಸರೇ ಅದನ್ನು ಸನಿಕೆಯಲ್ಲಿ, ಬುಟ್ಟಿಯಲ್ಲಿ, ಕೊನೆಗೆ ಬರಿಗೈಯಲ್ಲಿ ಬಳಿದು ಹಿಂದಿನ ಗೋಡೆಯಾಚೆ ಗುಡ್ಡೆ ಹಾಕುತ್ತಿದ್ದರು. ಕೂಲಿ ಕೇಳಿದ್ದಕ್ಕೆ ಅಧ್ಯಕ್ಷ ಉಗಿದಿದ್ದ.

"ನಿಮ್ ಮಕ್ಳ ಶಾಲೆ ತಾನೇ? ಬಳ್ಕೊಳ್ಳಿ. ಕೂಲಿ ಬೇರೆ ಕೇಡು ಇವಕ್ಕೆ!"

ಎದುರು ಮಾತಾಡುತ್ತಾಳೆಂದೇ ಊರು ಬಜಾರಿಗೆ ಆ ಹೆಸರಿಟ್ಟಿತ್ತು. ಆದರೂ ಈ ದಿನ ಅವಳು ತುಟಿ ಬಿಚ್ಚಲಿಲ್ಲ. ನೆರೆ ಹಾನಿ ನೋಡಲು ಬರುವ ಸಾಹೇಬ ಪರಿಹಾರ ಬರೆಯದಿದ್ದರೆ ಶಾಲೆ ಮುಚ್ಚುತ್ತದೆ, ಮುಚ್ಚಿದರೆ ಮೊಮ್ಮಗಳು ತಾಯಿಯ ಹಿಂದೆ ಇಟ್ಟಿಗೆ ಗೂಡಿಗೆ ಹೋಗುತ್ತಾಳೆ. ಅದೊಂದಕ್ಕೇ ಹಲ್ಲು ಕಚ್ಚಿಕೊಂಡು ನೆಲ ತಿಕ್ಕಿದಳು, ತೊಳೆದಳು, ಹಳೇ ಬಟ್ಟೆಯಲ್ಲಿ ಒರೆಸಿದಳು.

ಸಾಹೇಬ ಬಂದ. ಹೊಸ್ತಿಲು ದಾಟದೆ, ಮೂಗಿಗೆ ಕರವಸ್ತ್ರ ಹಿಡಿದು ಇಣುಕಿದ.

"ನೆಲ ಫಳಫಳ ಅಂತಿದೆಯಲ್ರೀ! ಎಲ್ಲಿ ಹಾನಿ?"

"ನಾನೂ ಅದನ್ನೇ ಹೇಳಿದ್ದು ಸಾರ್," ಎಂದ ಅಧ್ಯಕ್ಷ. "ಇವರದ್ದು ಯಾವಾಗ್ಲೂ ಇದ್ದಿದ್ದೇ ಗೋಳು."

ಬಜಾರಿಗೆ ಆಗ ತಿಳಿಯಿತು. ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಂಡಿದ್ದರು. ಕಲ್ಲು ಎತ್ತಿಕೊಟ್ಟವನು ಪಕ್ಕದಲ್ಲೇ ಹಲ್ಲು ಕಿಸಿಯುತ್ತಿದ್ದ.

"ಮೊಣಕಾಲುದ್ದ ಕೆಸರಿತ್ತು ಸಾಹೇಬ್ರೆ. ನಾವೇ ಬಳಿದ್ವಿ. ಬೆಂಚು, ಬೋರ್ಡು, ಪುಸ್ತಕ ಎಲ್ಲ ಕೊಚ್ಕೊಂಡು ಹೋಯ್ತು. ಗೋಡೆ ಮುಟ್ಟಿ ನೋಡಿ, ಇನ್ನೂ ಹಸಿ ಇದೆ."

ಸಾಹೇಬ ಮುಟ್ಟಲಿಲ್ಲ.

"ನೋಡಮ್ಮ, ಸರ್ಕಾರಕ್ಕೆ ಎಲ್ಲ ಶಾಲೆನೂ ಒಂದೇ ಸಮ. ಯಾರು ಎಷ್ಟು ಕಳ್ಕೊಂಡ್ರೋ ಅವ್ರಿಗೆ ಅಷ್ಟು. ನಾನು ಕಣ್ಣಾರೆ ಕಂಡಿದ್ದನ್ನ ಮಾತ್ರ ಬರೀತೀನಿ. ಮೇಲಿನ ಶಾಲೆ ಸಭಾಂಗಣದಲ್ಲಿ ಅಷ್ಟು ದೊಡ್ಡ ಪರದೆ ನೆನೆದುಹೋಗಿದೆ. ನಿಮ್ಮಲ್ಲಿ ಹಾಳಾಗೋಕೆ ಏನಿತ್ತು ಹೇಳು?"

ಏರಿನ ಮೇಲಿದ್ದ ಆ ಶಾಲೆಯಲ್ಲಿ ಅಧ್ಯಕ್ಷನ ಮೊಮ್ಮಕ್ಕಳು ಓದುತ್ತಿದ್ದರು.

"ಅಯ್ಯೋ ಪಾಪ, ಪರದೆಗೆ ನೆಗಡಿ ಆಗಿರ್ಬೇಕು," ಎಂದಳು ಬಜಾರಿ.

"ಬಾಯ್ಮುಚ್ಚೇ ಮುಂಡೇದೇ!" ಅಧ್ಯಕ್ಷ ಕೈಯೆತ್ತಿದ. "ಇಟ್ಟಿಗೆ ಹೊರೋ ಜಾತಿಗೆ ಅಕ್ಷರ ಯಾಕ್ರೇ?"

ಇಬ್ಬರನ್ನೂ ಹತ್ತಿಸಿಕೊಂಡು ಜೀಪು ಮೇಲಿನ ಶಾಲೆಗೆ ಹೊರಟಿತು. ಸಾಹೇಬರ ಊಟಕ್ಕೆ ಅಲ್ಲಿ ಏರ್ಪಾಡಾಗಿತ್ತು.

"ಈ ಬೋಳಿಮಗ ಬೇಕಂತಲೇ ಬಳಿಸಿದ್ದು," ಎಂದು ಬಜಾರಿ ಬುಟ್ಟಿ ಎತ್ತಿಕೊಂಡಳು. "ತುಂಬ್ಕೊಳ್ರೇ."

"ಎಲ್ಲಿಗಕ್ಕ?" ಎಂದಳು ನೆರೆಮನೆಯವಳು.

"ಕಣ್ಣಾರೆ ಕಾಣ್ಬೇಕಂತಲ್ಲ. ತೋರಿಸ್ಬಿಟ್ಟು ಬರೋಣ."

ತಲೆಯ ಮೇಲೆ ಕೆಸರು ಸೋರುವ ಬುಟ್ಟಿ ಹೊತ್ತು ಹೆಂಗಸರು ಏರು ಹತ್ತಿದರು. ಗೇಟಿನಲ್ಲಿ ಕಾವಲುಗಾರ ಮೂಗು ಮುಚ್ಚಿ ಪಕ್ಕಕ್ಕೆ ಸರಿದ. ದಾರಿ ಬಿಡಿ ಎಂದು ಕೇಳಬೇಕಾಗಲೇ ಇಲ್ಲ. ಇವರ ಮೈ ಸೋಕೀತೆಂದು ಸರಿದು ನಿಲ್ಲುವುದು ಆ ಊರಿಗೆ ಮೊದಲಿಂದಲೂ ರೂಢಿ.

ಸಭಾಂಗಣದ ಪರದೆಯ ಅಂಚು ಗೇಣಗಲ ನೆನೆದಿತ್ತು. ಈಗ ಅದೂ ಒಣಗಿತ್ತು. ಅದರ ಕೆಳಗೆ ಸಾಹೇಬ ಮಾಂಸದ ತುಂಡು ಜಗಿಯುತ್ತಿದ್ದ. ಬಜಾರಿ ಸೀದಾ ನಡೆದು ಬುಟ್ಟಿಯನ್ನು ಅವನ ಬೂಟುಗಳ ಮೇಲೆ ಬೋರಲು ಹಾಕಿದಳು. ಹಿಂದಿನವರು ಒಬ್ಬೊಬ್ಬರಾಗಿ ಹೊಳೆಯುವ ನೆಲದ ಮೇಲೆ ಸುರಿದರು.

"ನೋಡ್ಕೊಂಡು ಬರ್ಕೊಳ್ಳಿ ಸಾಹೇಬ್ರೆ. ಇದೇ ನಮ್ ಹಾನಿ."

ಅಧ್ಯಕ್ಷ ಮತ್ತೆ ಕುರ್ಚಿ ಹತ್ತಿದ್ದ. "ಲೇ ಮುಂಡೇವಾ! ಬಳೀರೇ! ಯಾರಾದ್ರೂ ಬಂದು ಬಳೀರೋ ಇದನ್ನ!"

ಮೇಷ್ಟ್ರುಗಳು ಮುಖ ಮುಖ ನೋಡಿಕೊಂಡರು. ಊರಲ್ಲಿ ಕೆಸರು ಬಳಿಯುವವರು ಅಲ್ಲೇ ಇದ್ದರು, ಗೋಡೆಗೊರಗಿ ಕೈಕಟ್ಟಿಕೊಂಡು.

ಬಜಾರಿ ತಂದಿದ್ದ ಸನಿಕೆಯನ್ನು ಅವನ ಕುರ್ಚಿಗೆ ಒರಗಿಸಿಟ್ಟಳು.

"ನಿಮ್ ಮಕ್ಳ ಶಾಲೆ ತಾನೇ? ಬಳ್ಕೊಳ್ಳಿ," ಎಂದಳು. "ಕೂಲಿ ಕೇಳ್ಬೇಡಿ."

ಹೊರಗೆ ಏರಿನಲ್ಲಿ ಇನ್ನಷ್ಟು ಬುಟ್ಟಿಗಳು ಬರುತ್ತಿದ್ದವು.