ತಿರುಮಲನಿಗೆ ಹೇಳಬಾರದ ಸುದ್ದಿ

ಫ್ರಾನ್ಸಿನ ಸಾರ್ಲಾ ಪೇಟೆಯ ಬುಧವಾರದ ಸಂತೆಯಲ್ಲಿ ಗಂಡ ತಿರುಮಲ ಮೂರನೆಯ ಅಂಗಡಿಯ ಅಕ್ರೋಟಿನ ಎಣ್ಣೆಗೆ ಬ್ರೆಡ್ಡು ಅದ್ದಿ ರುಚಿ ನೋಡುತ್ತಿದ್ದಾಗ ಪ್ರಭಾಳಿಗೆ ತಟ್ಟನೆ ನೆನಪಾಯಿತು. ದೀಪವನ್ನು ಸಿಂಕಿನೊಳಗೆ ಇಟ್ಟಿರಲಿಲ್ಲ.

ಡಲ್ಲಾಸ್ ಪಕ್ಕದ ಫ್ರಿಸ್ಕೋದ ತಮ್ಮ ಮನೆಯಲ್ಲಾದರೆ ಶುಕ್ರವಾರ ಹಚ್ಚಿದ ದೀಪವನ್ನು ಕೆಲಸಕ್ಕೆ ಹೊರಡುವ ಮುಂಚೆ ತಟ್ಟೆ ಸಮೇತ ಅಡುಗೆಮನೆಯ ಸ್ಟೀಲ್ ಸಿಂಕಿಗೆ ಇಳಿಸುತ್ತಾಳೆ. ಹಚ್ಚಿದ ದೀಪವನ್ನು ಆರಿಸುವ ಹಾಗಿಲ್ಲ, ಮನೆ ಸುಟ್ಟುಕೊಳ್ಳುವ ಹಾಗೂ ಇಲ್ಲ. ಅಲ್ಲಿನ ಅರ್ಧಕ್ಕರ್ಧ ಕನ್ನಡದ ಮನೆಗಳಲ್ಲಿ ದೇವರ ದೀಪ ಶಾಂತವಾಗುವುದು ಸಿಂಕಿನಲ್ಲೇ. ಇಲ್ಲಿ ಫ್ರಾನ್ಸಿನ ಈ ಹಳ್ಳಿಯ ಬಾಡಿಗೆ ಮನೆಯಲ್ಲಿ, ಸಂತೆಯ ಬೆಣ್ಣೆ ಕಾಯಿಸಿ ತುಪ್ಪ ಮಾಡಿ, ಮೇಕಪ್ ಒರೆಸುವ ಹತ್ತಿ ಹೊಸೆದು ಬತ್ತಿ ಮಾಡಿ, ಸಂಜೆಯವರೆಗೆ ಉರಿಯಲೆಂದು ಕಾಫಿ ಬಟ್ಟಲಿನ ತುಂಬ ತುಪ್ಪ ಸುರಿದು ಮಹಡಿಯ ಮರದ ಗೂಡಿನಲ್ಲಿ ಹಚ್ಚಿದ್ದಳು. ಅಷ್ಟರಲ್ಲಿ ತಿರುಮಲ ಕೆಳಗೆ ಕಾರಿನ ಹಾರ್ನ್ ಒತ್ತಿದ. ಅವಳು ಓಡಿದಳು. ಗೂಡಿನ ಪಕ್ಕದ ಕಿಟಕಿಗೆ ಲೇಸಿನ ಪರದೆ ಬೇರೆ ಇತ್ತು.

ದೀಪ ಯಾಕೆ ಹಚ್ಚಿದಳೆಂದು ಅವನಿಗೆ ಹೇಳುವಂತಿರಲಿಲ್ಲ. ಹ್ಯೂಸ್ಟನ್ನಿನ ಆಚೆ ದ ವುಡ್‌ಲ್ಯಾಂಡ್ಸ್‌ನಲ್ಲಿರುವ ಮಗಳು ನಿಹಾರಿಕಾಳಿಗೆ ಇವತ್ತು ಸ್ಕ್ಯಾನ್, ಅಲ್ಲಿ ಬೆಳಿಗ್ಗೆ, ಇಲ್ಲಿನ ಲೆಕ್ಕಕ್ಕೆ ಮಧ್ಯಾಹ್ನ. ಹೋದ ವರ್ಷ ಇಂಥದ್ದೇ ಸ್ಕ್ಯಾನಿನಲ್ಲಿ ಮಗುವಿನ ಎದೆಬಡಿತ ಸಿಕ್ಕಿರಲಿಲ್ಲ. ಅಷ್ಟರೊಳಗೆ ತಿರುಮಲ ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್, ಮೂರೂ ಕಡೆಯ ಕನ್ನಡದವರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ತಾನು ತಾತನಾಗುವುದನ್ನು ಡಂಗುರ ಸಾರಿಬಿಟ್ಟಿದ್ದ. ಆಮೇಲೆ ತಿಂಗಳುಗಟ್ಟಲೆ, ಗುರುತಿಲ್ಲದ ಆಂಟಿಯರೆಲ್ಲ ನಿಹಾರಿಕಾಳ ಹೊಟ್ಟೆಯತ್ತ ಕಣ್ಣು ಹಾಯಿಸಿ, "ಎಷ್ಟು ತಿಂಗಳಮ್ಮಾ?" ಎಂದು ಕೇಳಿದ್ದರು. ತಿರುಮಲ ಕೆಟ್ಟವನಲ್ಲ. ಸಂತೋಷವೆಂಬುದು ಅವನ ಬಾಯಲ್ಲಿ ನಿಲ್ಲುವುದಿಲ್ಲ, ಅಷ್ಟೆ. ಈ ಸಲ ಮಗಳು ತಾಯಿಯಿಂದ ಆಣೆ ಹಾಕಿಸಿಕೊಂಡಿದ್ದಳು.

"ಅಪ್ಪಂಗೆ ಮಾತ್ರ ಬೇಡಮ್ಮಾ. ಹಾರ್ಟ್‌ಬೀಟ್ ಕೇಳೋ ತನಕ ಬೇಡ. ಹೇಳಿದ್ರೆ ಇನ್ಮೇಲೆ ನಿಂಗೂ ಏನೂ ಹೇಳಲ್ಲ."

ಟ್ರಿಪ್ ಕ್ಯಾನ್ಸಲ್ ಮಾಡಿದರೆ ಅವನು ಕಾರಣ ಕೇಳುತ್ತಾನೆ. ಹಾಗಾಗಿ ಪ್ರಭಾ ಬಾಯಿ ಮುಚ್ಚಿಕೊಂಡು ಸೂಟ್‌ಕೇಸ್ ತುಂಬಿದ್ದಳು.

"ರೀ, ತಲೆ ಸಿಡೀತಿದೆ. ಮನೆಗ್ ಹೋಗೋಣ."

"ಬಿಸಿಲಿಗೆ ಹಂಗಾಗತ್ತೆ. ದೋಮ್‌ನಲ್ಲಿ ಗಾಳಿ ಚೆನ್ನಾಗಿದ್ಯಂತೆ," ಎಂದು ಅವನು ಎಣ್ಣೆಯ ಶೀಸೆ ಚೀಲಕ್ಕಿಳಿಸಿದ. ದಿನಕ್ಕೆ ಮೂರು ಊರು ನೋಡದಿದ್ದರೆ ಅವನಿಗೆ ರಜೆ ತೆಗೆದುಕೊಂಡಂತೆಯೇ ಅಲ್ಲ.

ದೋಮ್ ಗುಡ್ಡದ ಮೇಲಿನ ಊರು. ಕೋಟೆಯ ಅಂಚಿನಲ್ಲಿ ನಿಂತರೆ ನದಿ, ಹೊಲ, ಹಳ್ಳಿಗಳೆಲ್ಲ ಕೆಳಗೆ ಹಾಸಿಕೊಂಡಿದ್ದವು. ತಿರುಮಲ ಫೋಟೋ ತೆಗೆಯುತ್ತಿದ್ದ. ಪ್ರಭಾ ಹೊಗೆ ಹುಡುಕುತ್ತಿದ್ದಳು. ತಮ್ಮ ಹಳ್ಳಿಯ ದಿಕ್ಕಿನಲ್ಲಿ, ಮರಗಳ ಹಿಂದೆ, ತೆಳ್ಳಗೆ ಒಂದು ಹೊಗೆ ಏಳುತ್ತಿತ್ತು. ಪರರ ಮನೆ, ಮುನ್ನೂರು ವರ್ಷದ ತೊಲೆಗಳು. ಅಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದಳು. ಮಗಳ ಹೆಸರಿನಲ್ಲಿ ಹಚ್ಚಿದ್ದು ಹೀಗೆ ಬೆಂಕಿಯಾದರೆ ಏನರ್ಥ ಎಂದು ಯೋಚಿಸಲೂ ಅವಳಿಗೆ ಧೈರ್ಯವಿರಲಿಲ್ಲ.

"ದೀಪ ಉರೀತಿದೆ ಕಣ್ರೀ, ಪರದೆ ಪಕ್ಕದಲ್ಲಿ. ನಡೀರಿ."

"ಬುಧವಾರ ಯಾವ ದೀಪ?"

ಒಂದು ಸುಳ್ಳು ಹುಡುಕಿದಳು. ಬಾಯಿಗೆ ಒಂದೂ ಬರಲಿಲ್ಲ. ಕಾರು ಗುಡ್ಡ ಇಳಿಯುವಾಗ ಎಲ್ಲವನ್ನೂ ಹೇಳಿಬಿಟ್ಟಳು. ಹೇಳಿದ ಮೇಲೆ ಹಗುರಾಗಲಿಲ್ಲ. ಮಗಳನ್ನು ಈಗ ತಾನೇ ಕಳೆದುಕೊಂಡೆ ಅನ್ನಿಸಿತು.

ತಿರುಮಲ ತಿರುವಿನಲ್ಲಿ ಕಾರು ನಿಧಾನಿಸಿದ. "ನಂಗೆ ಹೇಳ್ಬೇಡ ಅಂದ್ಲಾ?" ಎಂದ.

"ಹೂಂ."

ಹಳ್ಳಿ ತಲುಪುವವರೆಗೆ ಅವನು ಮಾತಾಡಲಿಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ಅವನು ಇಷ್ಟು ದೂರ ಸುಮ್ಮನೆ ಕಾರು ಓಡಿಸಿದ್ದನ್ನು ಪ್ರಭಾ ಕಂಡಿರಲಿಲ್ಲ.

ಮನೆ ನಿಂತಿತ್ತು. ಹೊಗೆ ಆಚೆ ಹೊಲದ್ದು, ಯಾರೋ ಕಸ ಸುಡುತ್ತಿದ್ದರು. ಆದರೆ ಬಾಗಿಲಲ್ಲಿ ಮನೆಯೊಡತಿ ಮುದುಕಿ ಲೇಸಿನ ಪರದೆಯನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ಅದರ ಒಂದು ತುದಿ ಬೆಂಕಿ ತಾಗಿ ಕಂದಿತ್ತು. ಕಿಟಕಿಯ ಹೂಕುಂಡಗಳಿಗೆ ನೀರು ಹಾಕಲು ಬಂದವಳು ನೋಡಿರಬೇಕು. ಫ್ರೆಂಚಿನಲ್ಲಿ ಒಂದಷ್ಟು ಬೈದು, ಇವರಿಗೆ ತಿಳಿಯಲಿಲ್ಲವೆಂದು ಕೆನ್ನೆ ಉಬ್ಬಿಸಿ "ಉಫ್" ಎಂದು ಊದಿ ತೋರಿಸಿದಳು.

ಮನೆ ಉಳಿಯಿತೆಂದು ಪ್ರಭಾ ಕೈ ಮುಗಿಯಬೇಕಿತ್ತು. ಅವಳು ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಆ ದೀಪವನ್ನು ಬಾಯಿಂದ ಊದಿದ್ದರು, ಅದೂ ಸ್ಕ್ಯಾನಿಗೆ ಮುಂಚೆ. ಎಂಎಸ್ ಓದಿದ್ದೇನೆ, ಇದನ್ನೆಲ್ಲ ನಂಬುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಮನಸ್ಸು ಕೇಳಲಿಲ್ಲ.

ಆಗ ಫೋನ್ ಬಂತು. ನಿಹಾರಿಕಾ. ಪ್ರಭಾ ಅದನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಲೇ ಕುಳಿತಳು. ಇನ್ನೇನು ನಿಂತುಹೋಗುತ್ತದೆ ಅನ್ನುವಾಗ ತಿರುಮಲ ಎತ್ತಿಕೊಂಡ.

"ನಾನಮ್ಮಾ, ಅಪ್ಪ. ನಿಮ್ಮಮ್ಮನ್ ಬೈಬೇಡ. ನಾನೇ ಬಾಯಿ ಬಿಡಿಸ್ದೆ." ಅವನೂ ಒಂದು ಸುಳ್ಳು ಹೇಳಿದ.

ಆಮೇಲೆ ಅವನು ಕೇಳಿಸಿಕೊಂಡ. ಪ್ರಭಾ ಅವನ ತೋಳು ಹಿಡಿದು ಅಲ್ಲಾಡಿಸಿದಳು. "ಏನಂತೆ? ಹೇಳ್ರೀ."

ಊರಿಗೆಲ್ಲ ಸುದ್ದಿ ಹಂಚುವ ಮನುಷ್ಯ ಬಾಯಿ ತೆರೆದ, ಮುಚ್ಚಿದ. ಮುಗಿಯಿತು ಎಂದುಕೊಂಡಳು ಪ್ರಭಾ. ಅವನು ಪಕ್ಕದಲ್ಲಿ ಕುಳಿತು ಅವಳ ಅಂಗೈ ಬಿಡಿಸಿದ. ಅದರ ಮೇಲೆ ಎರಡು ಬೆರಳಿನಿಂದ ಬಡಿಯತೊಡಗಿದ. ಟಕಟಕ, ಟಕಟಕ, ಟಕಟಕ. ಅದು ಬೇಗ ಬೇಗ, ಒಂದೇ ಸಮ, ಹೊಟ್ಟೆಯೊಳಗಿನ ಮಗುವಿನ ಎದೆ ಬಡಿದುಕೊಳ್ಳುವ ವೇಗದಲ್ಲಿತ್ತು.

"ಅಪ್ಪಾ, ಇದ್ದೀಯಾ? ಯಾರಿಗೂ ಹೇಳ್ಬೇಡ, ಪ್ಲೀಸ್," ಎಂಬ ಮಗಳ ದನಿ ಫೋನಿನಿಂದ ಪ್ರಭಾಳಿಗೂ ಕೇಳಿಸಿತು.

"ಇಲ್ಲ ಕಂದಾ," ಎಂದ ತಿರುಮಲ ಹೇಗೋ. "ಯಾರಿಗೂ ಹೇಳ್ತಿಲ್ಲ."

ಬೆರಳು ಮಾತ್ರ ಪ್ರಭಾಳ ಅಂಗೈ ಮೇಲೆ ಬಡಿಯುತ್ತಲೇ ಇತ್ತು.