ಚನ್ನವ್ವನ ಜೋರು ಫಿಲ್ಟರ್

ಮಳೆಗಾಲ ಬಂದರೆ ಪರೇಲ್‌ನಲ್ಲಿ ಗಿರಣಿ ಕೆಲಸಗಾರರು ಸಾಲು ಖೋಲಿಗಳಲ್ಲಿ ವಾಸಿಸುವ ಒಂದು ಚಾಳಿನ ನಲ್ಲಿಯಲ್ಲಿ ಚಹಾದ ಬಣ್ಣದ ನೀರು ಬರುತ್ತಿತ್ತು. ಹೆಂಗಸರು ಬಟ್ಟೆಯಲ್ಲಿ ಸೋಸಿ, ಬೈದುಕೊಂಡು, ಕೊಡ ತುಂಬಿಕೊಳ್ಳುತ್ತಿದ್ದರು. ಎಲ್ಲರ ನೀರೂ ಒಂದೇ ಬಣ್ಣದ್ದು, ಹಾಗಾಗಿ ಯಾರಿಗೂ ಯಾರ ಮೇಲೂ ಹೊಟ್ಟೆಕಿಚ್ಚಿರಲಿಲ್ಲ. ಧಾರವಾಡದ ಇಂದ್ರಾಬಾಯಿ ಫಿಲ್ಟರ್ ತಂದಳು ನೋಡಿ, ಎದುರು ಖೋಲಿಯ ಚನ್ನವ್ವನಿಗೆ ಉಂಡ ಅನ್ನ ಮೈಗೆ ಹತ್ತದಂತಾಯಿತು.

ಫಿಲ್ಟರ್ ಅಂದರೆ ಏನು? ಒಂದರ ಮೇಲೊಂದು ಎರಡು ಸ್ಟೀಲಿನ ಡಬ್ಬಿ. ಮೇಲಿನದರ ತಳದಲ್ಲಿ ಬಿಳಿ ಮಣ್ಣಿನ ಕ್ಯಾಂಡಲ್, ಕೆಳಗಿನದಕ್ಕೆ ಪುಟ್ಟ ನಲ್ಲಿ. ಮೇಲೆ ಹಾಕಿದ ನೀರು ಕ್ಯಾಂಡಲಿನಲ್ಲಿ ಸೋಸಿ ತೊಟ್ಟು ತೊಟ್ಟಾಗಿ ಕೆಳಗೆ ಇಳಿಯುತ್ತದೆ. ಅಷ್ಟೇ.

"ಏನ ಠೀವಿ ಆಕೀದು! ನಳಾ ತಿರುವಿ ನೀರು ಕೊಡ್ತಾಳ, ಮಹಾರಾಣಿ!" ಎಂದು ಚನ್ನವ್ವ ಗಂಡನ ಮುಂದೆ ಉರಿದುಬಿದ್ದಳು.

ಗಿರಣಿಯಿಂದ ದಣಿದು ಬಂದಿದ್ದ ಶಂಕ್ರೆಪ್ಪ ಕೇಳಿದ, "ನೀರು ಸೋಸಿ ಕುಡೀತಾರ. ನಿನಗೇನಾತು?"

"ನನಗೇನ ಆಗತೈತಿ? ಹುಟ್ಟಿದಾಗಿಂದ ಇದ ನೀರು ಕುಡದೀವಿ, ಸತ್ತೀವೇನು? ಆದ್ರ ನಮಗೂ ಒಂದು ಫಿಲ್ಟರ್ ಬೇಕು. ಆಕೀದಕ್ಕಿಂತ ದೊಡ್ಡದು!"

ಬಂತು ಮಾರಾಯರೇ, ದೊಡ್ಡದೇ ಬಂತು. ಇಂದ್ರಾಬಾಯಿಯ ಕಣ್ಣಿಗೆ ಬೀಳುವಂತೆ ಬಾಗಿಲಿಗೆ ನೇರವಾಗಿ ಕೂತಿತು. ಆದರೆ ಅದೂ ತೊಟ್ಟು ತೊಟ್ಟಾಗಿಯೇ ಇಳಿಸುತ್ತಿತ್ತು. ಶ್ರಾವಣ ಶುಕ್ರವಾರ ಅರಿಶಿನ ಕುಂಕುಮಕ್ಕೆ ಚಾಳಿನ ಹೆಂಗಸರು ಬರುವ ಹೊತ್ತಾದರೂ ಕೆಳಗಿನ ಡಬ್ಬಿ ಖಾಲಿ. ಚನ್ನವ್ವ ಬಾಗಿಲು ಮುಂದೆ ಮಾಡಿ, ಕ್ಯಾಂಡಲ್ ಬಿಚ್ಚಿ ಟ್ರಂಕಿಗೆ ಹಾಕಿ, ಬಣ್ಣ ಕಾಣದಂತೆ ಬಟ್ಟೆ ಮಡಿಚಿ ಸೋಸಿದ ನಲ್ಲಿಯ ನೀರನ್ನು ಮೇಲೆ ಸುರಿದಳು. ತೂತಿನಿಂದ ನೀರು ಸರ್ರನೆ ಕೆಳಗಿಳಿಯಿತು.

"ಅಯ್ಯ ಚನ್ನವ್ವಾ, ನಿಂದು ಎಷ್ಟ ಜೋರೈತಿ! ಇಂದ್ರಾಬಾಯಾರದು ಏನೂ ಅಲ್ಲ ಬಿಡು!" ಎಂದರು ಬಂದವರು. ಆ ಮಾತು ಕೇಳಿ ಚನ್ನವ್ವನ ಹೊಟ್ಟೆ ತಣ್ಣಗಾಯಿತು. ಕ್ಯಾಂಡಲ್ ಟ್ರಂಕಿನಲ್ಲೇ ಉಳಿಯಿತು.

ಅಷ್ಟರಲ್ಲಿ ಹೊಲಸು ನೀರು ಕುಡಿದು ಹಿಂದಿನ ಚಾಳಿನಲ್ಲಿ ಕಾಮಾಲೆ ಎದ್ದಿತು. ಇಂದ್ರಾಬಾಯಿಯ ಮಗಳು ಮಹಾದೇವಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಒಂದು ಬೆಳಿಗ್ಗೆ ತಾಯಿ ಮಗಳು ಇಬ್ಬರೂ ಚನ್ನವ್ವನ ಬಾಗಿಲಿಗೆ ಬಂದರು.

"ಚನ್ನವ್ವಾ, ನಮ್ಮ ಕ್ಯಾಂಡಲ್ ಸೀಳೇತಿ. ಸೀಳಿದ್ದು ಇದ್ರೂ ಒಂದ, ಇಲ್ಲದಿದ್ರೂ ಒಂದ. ಕುದಿಸೋಣ ಅಂದ್ರ ಸ್ಟೋವಿಗೆ ಘಾಸಲೇಟ ಎಣ್ಣಿ ಒಂದು ಹನಿ ಇಲ್ಲ. ಹುಡುಗಿಗೆ ನಿನ್ನ ಫಿಲ್ಟರಿನ ನೀರು ಕೊಡವಾ."

ಆಹಾ! ಇಂದ್ರಾಬಾಯಿ ತಾನಾಗಿ ಬಂದು ಕೈಯೊಡ್ಡಿದ್ದಳು. ಚನ್ನವ್ವ ಬೀಗುತ್ತ ನಲ್ಲಿ ತಿರುವಿ ತಂಬಿಗೆ ತುಂಬಿಕೊಟ್ಟಳು.

"ಬಸುರ್ಯಾಗ ಕಾಮಾಲಿ ಬಂದ್ರ ತಾಯಿಗೂ ಕೂಸಿಗೂ ಅಪಾಯ ಅಂದಾರ ಡಾಕ್ಟರು. ನಿನ್ನ ಫಿಲ್ಟರ್ ಐತಿ ಅಂತ ನನಗ ಧೈರ್ಯ," ಎಂದಳು ಇಂದ್ರಾಬಾಯಿ.

ಚನ್ನವ್ವನಿಗೆ ಟ್ರಂಕಿನಲ್ಲಿದ್ದ ಕ್ಯಾಂಡಲ್ ನೆನಪಾಯಿತು. ನಿಜ ಹೇಳಿದರೆ ಚಾಳಿಗೆ ಚಾಳೇ ನಗುತ್ತದೆ. ಈ ಇಂದ್ರಾಬಾಯಿಯ ಮುಂದೆಯೇ ತಲೆ ತಗ್ಗಿಸಬೇಕು! ಮಹಾದೇವಿ ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡು ತಂಬಿಗೆ ಎತ್ತಿದಳು. ತುಟಿಗೆ ತಾಗುವಷ್ಟರಲ್ಲಿ ಚನ್ನವ್ವ ಅದನ್ನು ಕೈಯಿಂದ ಹೊಡೆದು ಕೆಡವಿದಳು.

"ಏನಿದು! ಬಸುರಿಗೆ ನೀರು ಕೊಡಾಕೂ ಹೊಟ್ಟಿಕಿಚ್ಚೇನು ನಿನಗ?" ಇಂದ್ರಾಬಾಯಿ ಸಿಡಿದಳು.

"ಹೊಟ್ಟಿಕಿಚ್ಚ ರೀ! ನಿಮಗಿಂತ ನಂದು ಜೋರ ಅನ್ನಿಸ್ಕೊಳ್ಳಾಕ ಕ್ಯಾಂಡಲ್ ತಗದ ಇಟ್ಟೀನಿ. ಇದು ಬರೇ ನಳದ ನೀರು!" ಚನ್ನವ್ವ ಮುಚ್ಚಳ ತೆಗೆದು ತೂತು ತೋರಿಸಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಇಂದ್ರಾಬಾಯಿ ಒಮ್ಮೆ ಮಗಳನ್ನು ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಅಳೂದು ಆಮ್ಯಾಲೆ. ನಿನ್ನ ಸ್ಟೋವಿನ್ಯಾಗ ಘಾಸಲೇಟ ಐತೇನು? ಹಚ್ಚು. ಕ್ಯಾಂಡಲ್ ತಾ ಇಲ್ಲಿ."

ನೀರು ಸ್ಟೋವಿನ ಮೇಲೆ ಕೊತಕೊತ ಕುದಿಯಿತು. ಇಂದ್ರಾಬಾಯಿ ಕ್ಯಾಂಡಲನ್ನು ಬೆಳಕಿಗೆ ಹಿಡಿದು ಸೀಳಿಲ್ಲವೆಂದು ನೋಡಿಕೊಂಡಳು. ಮೆತ್ತನೆಯ ಬ್ರಶ್ಶಿನಿಂದ ಬರೇ ನೀರಿನಲ್ಲಿ ಉಜ್ಜಿದಳು. "ಸಾಬೂನ ಹಚ್ಚಬ್ಯಾಡ, ಒಳಗ ಹೀರತೈತಿ. ಬುಡದ ರಬ್ಬರ ವಾಶರ್ ಗಟ್ಟಿ ಕೂಡಬೇಕು, ಇಲ್ಲಂದ್ರ ಸಂದಿನ್ಯಾಗ ಹೊಲಸು ನೀರು ಇಳೀತೈತಿ. ಡಬ್ಬಿ ಎಷ್ಟ ದೊಡ್ಡದಿದ್ರೇನು, ಕೆಲಸ ಮಾಡೂದು ಇದ. ಮದಲ ಕುದಿಸು, ಆರಲಿ, ಆಮ್ಯಾಲೆ ಸೋಸು."

"ಭಾಳ ತಡಾ ಆಗತೈತಲ್ರೀ," ಎಂದಳು ಚನ್ನವ್ವ ಮೂಗು ಒರೆಸಿಕೊಳ್ಳುತ್ತ.

"ಆಗಲಿ. ಹಿಂದಿನ ದಿನಾನ ತುಂಬಿ ಇಡು."

ಮಹಾದೇವಿ ಆ ನೀರಿಗಾಗಿ ಕಾದಳು. ಶ್ರಾವಣ ಕಳೆದ ಮೇಲೆ ಗಂಡುಕೂಸು ಹೆತ್ತಳು. ತಾಯಿ, ಮಗು ಇಬ್ಬರೂ ಗಟ್ಟಿಮುಟ್ಟು. ಚನ್ನವ್ವನ ಹೊಟ್ಟೆಕಿಚ್ಚು ಹೋಯಿತೇ ಅಂತ ಕೇಳುತ್ತೀರಾ? ಎಲ್ಲಿ ಹೋಗುತ್ತದೆ! ಈಗ ಅದು ಇಂದ್ರಾಬಾಯಿಯ ಹೊಸ ಕುಕ್ಕರಿನ ಮೇಲಿದೆ. ಆದರೆ ನೀರಿನ ವಿಷಯದಲ್ಲಿ ಮಾತ್ರ ಅವಳು ಯಾರಿಗೂ ಸುಳ್ಳು ಕುಡಿಸಿಲ್ಲ.

ಅಕ್ಕತಂಗಿಯರೇ, ಫಿಲ್ಟರ್ ಕೊಳ್ಳುವಾಗ ಹೊಳಪಿಗೆ ಮರುಳಾಗಬೇಡಿ, ಕ್ಯಾಂಡಲ್ ನೋಡಿ ಕೊಳ್ಳಿ. ಮನೆಯಲ್ಲಿ ಆಗಲೇ ಇದ್ದರೆ ಇವತ್ತೇ ಮುಚ್ಚಳ ತೆಗೆದು ನೋಡಿ. ಸೀಳಿದ್ದರೆ ಬದಲಿಸಿ, ಕೊಳೆಯಾಗಿದ್ದರೆ ಉಜ್ಜಿ. ಫಿಲ್ಟರ್ ಇರಲಿ, ಇಲ್ಲದಿರಲಿ, ನೀರನ್ನು ಚೆನ್ನಾಗಿ ಕುದಿಸಿ, ಮುಚ್ಚಿಟ್ಟು ಕುಡಿಯಿರಿ. ನಿಮ್ಮ ಮನೆಯಲ್ಲಿ ನೀರು ಕೇಳಿದವರು ಡಬ್ಬಿಯನ್ನು ನಂಬಿ ಕುಡಿಯುವುದಿಲ್ಲ, ನಿಮ್ಮನ್ನು ನಂಬಿ ಕುಡಿಯುತ್ತಾರೆ.